ಚಿಕ್ಕ ಗಡಿಯಾರದ ಕೆಳಗೆ ಒಂದು ಬೆಳಗು

ದಸರಾ ರಜೆಗೆಂದು ಬೆಂಗಳೂರಿನಿಂದ ಬಂದ ಮೊಮ್ಮಗನಿಗೆ ಮೂರೇ ದಿನಕ್ಕೆ ಬೇಸರ ಬಂದುಬಿಟ್ಟಿತು. ಅರಮನೆ ನೋಡಿಯಾಗಿತ್ತು, ಮೃಗಾಲಯ ನೋಡಿಯಾಗಿತ್ತು, ಚಾಮುಂಡಿ ಬೆಟ್ಟ ಹತ್ತಿ ಇಳಿದದ್ದೂ ಆಗಿತ್ತು. "ಅಜ್ಜಿ, ಇನ್ನೇನಿದೆ ನಿಮ್ಮ ಮೈಸೂರಲ್ಲಿ?" ಎಂದ. ಅವನು ಆರನೆಯ ತರಗತಿ. ಆ ವಯಸ್ಸಿನವರಿಗೆ ಒಂದು ಊರು ಎಂದರೆ ನೋಡಿ ಮುಗಿಸುವ ಪಟ್ಟಿ.

"ನಾಳೆ ಬೆಳಿಗ್ಗೆ ಹೂವು ತರೋಕೆ ಹೋಗ್ತೀನಿ, ಬರ್ತೀಯಾ?" ಎಂದೆ. ಹೂವಿನ ಆಸೆಗಲ್ಲ, ಮೈಸೂರು ಪಾಕಿನ ಆಸೆಗೆ ಹೊರಟ. ಹಾಗೆ ನಾವಿಬ್ಬರೂ ಬೆಳಿಗ್ಗೆ ಏಳೂವರೆಗೆ ಪುರಭವನದ ಮುಂದೆ ಬಸ್ಸಿನಿಂದ ಇಳಿದೆವು. ಅಂಗಡಿಗಳು ಇನ್ನೂ ಪೂರ್ತಿ ತೆರೆದಿರಲಿಲ್ಲ. ಬೀದಿಯ ಮೇಲೆ ದಸರಾ ದೀಪದ ಸರಗಳನ್ನು ಕಟ್ಟುವವರು ಏಣಿ ಹಾಕಿಕೊಂಡಿದ್ದರು.

ಮಕ್ಕಳೇ, ಮೈಸೂರಿನ ಈ ನಡುಭಾಗವನ್ನು ನೋಡಲು ಟಿಕೆಟ್ಟು ಬೇಡ, ಮಾರ್ಗದರ್ಶಿ ಬೇಡ. ಕಾಲಿಗೆ ಒಳ್ಳೆಯ ಚಪ್ಪಲಿ ಇದ್ದು, ಕತ್ತು ಎತ್ತಿ ನೋಡುವ ಅಭ್ಯಾಸವಿದ್ದರೆ ಸಾಕು. ಪುರಭವನ, ದೊಡ್ಡ ಗಡಿಯಾರ, ಚಾಮರಾಜ ವೃತ್ತ, ಕೃಷ್ಣರಾಜ ವೃತ್ತ, ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡ, ಜಗನ್ಮೋಹನ ಅರಮನೆ ಎಲ್ಲವೂ ಒಂದು ಬೆಳಗಿನ ನಡಿಗೆಯ ಒಳಗೇ ಇವೆ. ನನ್ನಂಥ ಮಂಡಿ ನೋವಿನವರೂ ನಡೆದು ಮುಗಿಸಬಹುದು.

ಪುರಭವನದಿಂದ ಶುರು ಮಾಡೋಣ. ಇದರ ಪೂರ್ತಿ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಹೆಸರು ಕೇಳಿ ಮೊಮ್ಮಗ "ಯಾರು ಅವರು?" ಎಂದ. 1831ರಿಂದ ಐವತ್ತು ವರ್ಷ ಮೈಸೂರು ರಾಜ್ಯ ಬ್ರಿಟಿಷರ ನೇರ ಆಡಳಿತದಲ್ಲಿತ್ತು. 1881ರಲ್ಲಿ ಅಧಿಕಾರ ಮತ್ತೆ ಒಡೆಯರ ಮನೆತನಕ್ಕೆ ಬಂತು. ಆಗ ದೊರೆಯಾದವರು ಹತ್ತನೆಯ ಚಾಮರಾಜ ಒಡೆಯರು. ಅವರ ಮೊದಲ ದಿವಾನರೇ ರಂಗಾಚಾರ್ಲು. ಅದೇ ವರ್ಷ ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ರಾಜ್ಯದ ನಾನಾ ಕಡೆಯಿಂದ ರೈತರು, ವರ್ತಕರು ಬಂದು ಸರ್ಕಾರದ ಎದುರು ತಮ್ಮ ಕಷ್ಟ ಹೇಳಿಕೊಳ್ಳುವ ಸಭೆ ಅದು. ಮೊದಲ ಸಭೆಗೆ ಬಂದವರು 144 ಮಂದಿ. ಇವತ್ತಿನ ಹಾಗೆ ಎಲ್ಲರೂ ಮತ ಹಾಕಿ ಆರಿಸಿದ್ದಲ್ಲ, ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಆದರೂ ದೊರೆಯ ರಾಜ್ಯದಲ್ಲಿ ಪ್ರಜೆಯ ಮಾತು ಕೇಳುವುದಕ್ಕೆ ಒಂದು ಜಾಗ ಮಾಡಿದರು. ರಂಗಾಚಾರ್ಲು 1883ರಲ್ಲಿ ತೀರಿಕೊಂಡರು. ಮರುವರ್ಷ, 1884ರಲ್ಲಿ, ಅವರ ನೆನಪಿಗೆ ಈ ಭವನಕ್ಕೆ ಅಡಿಗಲ್ಲು ಬಿತ್ತು. ಈಗ ಅದರ ಮುಂದೆ ಅಂಬೇಡ್ಕರ್ ಅವರ ಪ್ರತಿಮೆ ನಿಂತಿದೆ. ಪ್ರಜೆಗಳ ಮಾತಿಗೆಂದು ದುಡಿದವರ ಮನೆಯ ಮುಂದೆ ಎಲ್ಲರಿಗೂ ಮತದ ಹಕ್ಕು ಕೊಟ್ಟ ಸಂವಿಧಾನವನ್ನು ರೂಪಿಸಿದವರು ನಿಂತಿರುವುದು ನನಗೆ ಯಾವಾಗಲೂ ಸಮಂಜಸ ಅನ್ನಿಸುತ್ತದೆ.

ಪುರಭವನದ ಪಕ್ಕದಲ್ಲೇ ದೊಡ್ಡ ಗಡಿಯಾರ. 75 ಅಡಿ ಎತ್ತರ. ಇದನ್ನು ಕಟ್ಟಿದ್ದು 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯಭಾರ ವಹಿಸಿಕೊಂಡು 25 ವರ್ಷ ತುಂಬಿದಾಗ. ಕಟ್ಟಿಸಿದವರು ಯಾರು ಗೊತ್ತೆ? ಅರಮನೆಯ ನೌಕರರು. ತಮ್ಮ ದೊರೆಗೆ ಅವರು ಸಲ್ಲಿಸಿದ ಕೃತಜ್ಞತೆಯ ಕಾಣಿಕೆ ಇದು.

"ಸರಿ, ಹಾಗಾದ್ರೆ ಚಿಕ್ಕ ಗಡಿಯಾರ ಯಾರಿಗೆ?" ಎಂದ ಮೊಮ್ಮಗ.

ಅದು ದೊಡ್ಡ ಗಡಿಯಾರಕ್ಕಿಂತ ಹಳೆಯದು. 1886ರಲ್ಲಿ ವೈಸರಾಯ್ ಲಾರ್ಡ್ ಡಫರಿನ್ ಮೈಸೂರಿಗೆ ಬಂದಿದ್ದರ ನೆನಪಿಗೆ ಕಟ್ಟಿದ್ದು. ವೈಸರಾಯ್ ಎಂದರೆ ಆಗ ಇಡೀ ಭಾರತವನ್ನು ಬ್ರಿಟಿಷ್ ರಾಣಿಯ ಹೆಸರಿನಲ್ಲಿ ಆಳುತ್ತಿದ್ದವರು. ಕಾಗದದಲ್ಲಿ ಅದರ ಹೆಸರು ಡಫರಿನ್ ಗಡಿಯಾರ ಗೋಪುರ. ಜನರ ಬಾಯಲ್ಲಿ ಮಾತ್ರ ಬರಿಯ ಚಿಕ್ಕ ಗಡಿಯಾರ. ಮೊಮ್ಮಗ ಸ್ವಲ್ಪ ಯೋಚಿಸಿ ಹೇಳಿದ: "ನೋಡೋಕೆ ಬಂದೋರಿಗೆ ಚಿಕ್ಕದು, ಇಲ್ಲೇ ಇದ್ದೋರಿಗೆ ದೊಡ್ಡದು!" ನಾನು ಎಷ್ಟೋ ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. ಇಷ್ಟು ಚೆನ್ನಾಗಿ ನನಗೂ ಹೇಳಲು ಬಂದಿರಲಿಲ್ಲ.

ಎರಡು ಗಡಿಯಾರ ಇಷ್ಟು ಹತ್ತಿರ ಹತ್ತಿರ ಏಕೆ ಬೇಕಿತ್ತು ಎಂದು ನೀವು ಕೇಳಬಹುದು. ಆ ಕಾಲದಲ್ಲಿ ಕೈಗಡಿಯಾರ ಇದ್ದವರು ಎಷ್ಟು ಮಂದಿ? ಗೋಪುರದ ಗಡಿಯಾರವೇ ಊರಿನವರೆಲ್ಲರ ಗಡಿಯಾರ. ಸಂತೆಗೆ ಬಂದವರು ಅದನ್ನು ನೋಡಿ ಊರಿಗೆ ಹೊರಡುತ್ತಿದ್ದರು. ಕಚೇರಿಗೆ ಹೋಗುವವರು ಅದನ್ನು ನೋಡಿ ಹೆಜ್ಜೆ ಬಿರುಸು ಮಾಡುತ್ತಿದ್ದರು. ನಾನು ಹುಡುಗಿಯಾಗಿದ್ದಾಗ ನಮ್ಮ ಮನೆಯಲ್ಲಿ "ಸಂಜೆ ಐದಕ್ಕೆ ಚಿಕ್ಕ ಗಡಿಯಾರದ ಹತ್ತಿರ ನಿಂತಿರು" ಎಂದರೆ ಮುಗಿಯಿತು. ಜಾಗವೂ ಅದೇ, ಸಮಯವೂ ಅದೇ.

ಚಾಮರಾಜ ವೃತ್ತದಲ್ಲಿ ಹತ್ತನೆಯ ಚಾಮರಾಜ ಒಡೆಯರ ಪ್ರತಿಮೆ ಇದೆ. ಅಲ್ಲಿಂದ ಮುಂದೆ ಕೃಷ್ಣರಾಜ ವೃತ್ತದಲ್ಲಿ ಮಂಟಪದ ಕೆಳಗೆ ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆ. ಅಪ್ಪ, ಮಗ ಇಬ್ಬರೂ ಕೂಗಳತೆಯ ದೂರದಲ್ಲಿ. 1902ರಿಂದ 1940ರವರೆಗೆ ಆಳಿದ ನಾಲ್ವಡಿಯವರ ಕಾಲದಲ್ಲೇ ಈ ಪೇಟೆಗೆ ಇಂದಿನ ರೂಪ ಬಂತು. 1898ರಲ್ಲಿ ಮೈಸೂರಿಗೆ ಪ್ಲೇಗ್ ಬಂದಾಗ, ಇಕ್ಕಟ್ಟಾದ ಕೇರಿಗಳು, ಗಾಳಿಯಾಡದ ಮನೆಗಳು ಎಷ್ಟು ಅಪಾಯ ಎಂಬುದು ಎಲ್ಲರಿಗೂ ಅರ್ಥವಾಗಿತ್ತು. 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಮಂಡಳಿ ರಚಿಸಿದರು. ಅಗಲವಾದ ನೇರ ರಸ್ತೆಗಳು, ಚರಂಡಿಗಳು, ಹೊಸ ಬಡಾವಣೆಗಳು ಬಂದವು. 1908ರಲ್ಲಿ ನಗರಕ್ಕೆ ವಿದ್ಯುತ್ ದೀಪವೂ ಬಂತು. ಇವತ್ತು ದಸರೆಗೆ ಝಗಮಗಿಸುವ ಬೀದಿಯ ಕಥೆಯ ಹಿಂದೆ ರೋಗದ ಹೆದರಿಕೆಯ ಒಂದು ಪುಟವೂ ಇದೆ.

ಕೃಷ್ಣರಾಜ ವೃತ್ತದಿಂದ ಉತ್ತರಕ್ಕೆ ಹೋಗುವುದೇ ಸಯ್ಯಾಜಿರಾವ್ ರಸ್ತೆ. ಬರೋಡದ ಮಹಾರಾಜರ ಹೆಸರು ಅದಕ್ಕೆ. ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನು ಮೈಸೂರಿಗೆ ತರಬೇಕೆಂದು ಒಂದು ಕಾಲುವೆ ತೋಡಿಸಿದ್ದರು. ಕೆಲಸ ಕೈಗೂಡಲಿಲ್ಲ. ಆ ಕಾಲುವೆ ಹಾದುಹೋಗಿದ್ದ ಜಾಗ ಮುಂದೆ ಮುಚ್ಚಿ ಬೀದಿಯಾಯಿತು ಎಂದು ಇತಿಹಾಸ ಬಲ್ಲವರು ಹೇಳುತ್ತಾರೆ. ನೀರು ಹರಿಯಲೆಂದು ತೋಡಿದ ದಾರಿಯಲ್ಲಿ ಈಗ ವಿಜಯದಶಮಿಯ ದಿನ ಜನಸಾಗರ ಹರಿಯುತ್ತದೆ. ಜಂಬೂ ಸವಾರಿ ಅರಮನೆಯಿಂದ ಹೊರಟು ಇದೇ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಹೋಗುವುದು.

ನಾನು ಏಳೆಂಟು ವರ್ಷದವಳಿದ್ದಾಗ ನಮ್ಮಪ್ಪನ ಪರಿಚಯದವರ ಅಂಗಡಿಯ ಮಾಳಿಗೆ ಹತ್ತಿ ಆ ಮೆರವಣಿಗೆ ನೋಡಿದ್ದೆ. ಆಗ ಅಂಬಾರಿಯಲ್ಲಿ ಜಯಚಾಮರಾಜ ಒಡೆಯರೇ ಕೂತಿದ್ದರು. ಈಗ ಅದೇ 750 ಕೆ.ಜಿ. ತೂಕದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿ. ಅಂದು ಮಾಳಿಗೆಯ ಅಂಚಿನ ಗೋಡೆಯ ಮೇಲೆ ನಾವು ಹತ್ತಿಪ್ಪತ್ತು ಮಕ್ಕಳು ಗುಬ್ಬಚ್ಚಿಗಳ ಹಾಗೆ ಸಾಲಾಗಿ ಕೂತಿದ್ದೆವು. ಈ ಗೋಡೆ ನಮ್ಮನ್ನು ಹೊತ್ತೀತೇ ಎಂದು ಯಾರೂ ಯೋಚಿಸಿರಲಿಲ್ಲ. ಈಗ ಪ್ರತಿ ದಸರೆಯಲ್ಲೂ ಹಳೆಯ ಕಟ್ಟಡಗಳ ಮೇಲೆ ಹತ್ತಬೇಡಿ ಎಂದು ಪೊಲೀಸರು ಎಚ್ಚರಿಸುತ್ತಾರೆ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ರಸ್ತೆಯ ಎಡಕ್ಕೆ ಉದ್ದಕ್ಕೂ ಹಬ್ಬಿರುವುದೇ ದೇವರಾಜ ಮಾರುಕಟ್ಟೆ. ಚಿಕ್ಕ ಗಡಿಯಾರ ಎದ್ದ 1886ರ ಸುಮಾರಿಗೇ ಇದೂ ಎದ್ದಿತು. ಒಳಗೆ ಹೋದರೆ ಮೊದಲು ಮೂಗಿಗೆ ಕೆಲಸ. ಮಲ್ಲಿಗೆ, ಸೇವಂತಿಗೆ, ಕನಕಾಂಬರ, ಮರುಗ. ಅದರ ಮುಂದೆ ಕುಂಕುಮ, ಅರಿಸಿನ, ಬಣ್ಣದ ಪುಡಿಗಳ ಶಂಕುವಿನಾಕಾರದ ರಾಶಿಗಳು. ಬಾಳೆಗೊನೆಗಳ ಸಾಲು. ಅದರಲ್ಲಿ ನಂಜನಗೂಡು ರಸಬಾಳೆ ಸಿಕ್ಕಿದರೆ ಪುಣ್ಯ. ಮೈಸೂರು ಚಿಗುರೆಲೆ ಎಂದು ಹೆಸರಾದ ವೀಳ್ಯದೆಲೆಯ ಕಟ್ಟುಗಳು. ಕತ್ತಲೆ ಬೆಳಕಿನ ಓಣಿಗಳಲ್ಲಿ ತಲೆಯ ಮೇಲೆ ಮೂಟೆ ಹೊತ್ತವರು "ಸೈಡು, ಸೈಡು" ಎಂದು ಓಡುತ್ತಿರುತ್ತಾರೆ.

ನನ್ನ ಕಾಯಂ ಹೂವಿನವಳ ಹತ್ತಿರ ಎರಡು ಮಾರು ಮಲ್ಲಿಗೆ ಕೊಂಡೆ. ಮಾರು ಎಂದರೆ ಏನೆಂದು ಮೊಮ್ಮಗನಿಗೆ ಗೊತ್ತಿರಲಿಲ್ಲ. ಆಕೆ ಎರಡೂ ಕೈ ಚಾಚಿ ಅಳೆದು ತೋರಿಸಿದಳು. "ನೀವು ಕುಳ್ಳಗಿದ್ರೆ ಗಿರಾಕಿಗೆ ಲಾಸು!" ಎಂದು ಅವನು ನಕ್ಕ. "ಅದಕ್ಕೇ ಕೊನೇಲಿ ಒಂದು ಗೇಣು ಸೇರಿಸಿ ಕೊಡ್ತೀನಿ ಕಂದ" ಎಂದಳು ಆಕೆ. ಅವಳ ಅತ್ತೆಯೂ ಇದೇ ಜಾಗದಲ್ಲಿ ಹೂವು ಮಾರುತ್ತಿದ್ದರು, ಅವರ ಹತ್ತಿರ ನಮ್ಮಮ್ಮ ಕೊಳ್ಳುತ್ತಿದ್ದರು.

ಮಾರುಕಟ್ಟೆಯ ಹೊರಗೆ, ಸಯ್ಯಾಜಿರಾವ್ ರಸ್ತೆಯ ಕಡೆಯ ಸಾಲಿನಲ್ಲಿ ಗುರು ಸ್ವೀಟ್ ಮಾರ್ಟ್ ಇದೆ. ನಾಲ್ವಡಿಯವರ ಅರಮನೆಯಲ್ಲಿ ಮೊದಲು ಮೈಸೂರು ಪಾಕು ಮಾಡಿದರೆಂದು ಹೆಸರಾದ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಮೊಮ್ಮಗನ ಬೆಳಗಿನ ಉದ್ದೇಶ ಅಲ್ಲಿಗೆ ಈಡೇರಿತು. ಬಾಯಿ ತುಂಬಿದ್ದರಿಂದ ಹತ್ತು ನಿಮಿಷ ಪ್ರಶ್ನೆಗಳಿರಲಿಲ್ಲ.

ಪ್ರಶ್ನೆ ಬಂದದ್ದು ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ.

ಚಿಕ್ಕ ಗಡಿಯಾರದ ಹತ್ತಿರವೇ, ಜಗನ್ಮೋಹನ ಅರಮನೆಗೆ ಹೋಗುವ ದಾರಿಯಲ್ಲಿ ಇದೆ ಆ ಕಟ್ಟಡ. 1892ರಲ್ಲಿ ಇನ್ನೊಬ್ಬ ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಬಂದಾಗಿನ ನೆನಪಿಗೆ ಕಟ್ಟಿದ್ದು. ಕೆಳಗೆ ಕಂಬಸಾಲಿನ ಜಗುಲಿ, ಅದರ ಹಿಂದೆ ಅಂಗಡಿಗಳು, ಮೇಲೆ ಮಹಡಿ. ನಮ್ಮ ತಲೆಮಾರಿನ ವಿದ್ಯಾರ್ಥಿಗಳಿಗೆ ಅದು ಇನ್ನೊಂದು ಶಾಲೆಯೇ ಆಗಿತ್ತು. ಏಕೆಂದರೆ ಅಲ್ಲಿ ಹಳೆಯ ಪುಸ್ತಕದ ಅಂಗಡಿಗಳಿದ್ದವು. ಜೂನ್ ತಿಂಗಳು ಬಂತೆಂದರೆ ಹಿಂದಿನ ವರ್ಷದ ಪುಸ್ತಕ ಕೊಟ್ಟು, ಮುಂದಿನ ತರಗತಿಯದನ್ನು ಅರ್ಧ ಬೆಲೆಗೆ ಕೊಳ್ಳುವವರ ಗುಂಪೋ ಗುಂಪು. ನಾನು ಪ್ರೌಢಶಾಲೆಯಲ್ಲಿದ್ದಾಗ ಅಲ್ಲಿಂದ ತಂದ ಒಂದು ಇಂಗ್ಲಿಷ್ ವ್ಯಾಕರಣದ ಪುಸ್ತಕದ ಮೊದಲ ಪುಟದಲ್ಲಿ ಮೂರು ಹೆಸರುಗಳಿದ್ದವು. ಮೂರೂ ಬೇರೆ ಬೇರೆ ಅಕ್ಷರ, ಬೇರೆ ಬೇರೆ ಶಾಯಿ. ಕಷ್ಟದ ಪಾಠಗಳ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಕನ್ನಡದ ಅರ್ಥ ಬರೆದಿಟ್ಟಿದ್ದರು. ಅದರಿಂದಲೇ ನಾನು ಪಾಸಾದೆ ಎನ್ನಬೇಕು. ನಾಲ್ಕನೆಯದಾಗಿ ನನ್ನ ಹೆಸರು ಬರೆದು, ಹರಿದ ಬೆನ್ನಿಗೆ ಬಟ್ಟೆ ಅಂಟಿಸಿ, ವರ್ಷ ಮುಗಿದ ಮೇಲೆ ಅದೇ ಅಂಗಡಿಗೆ ವಾಪಸು ಕೊಟ್ಟೆ. ಐದನೆಯ ಹೆಸರು ಯಾರದೋ ನನಗೆ ಗೊತ್ತಿಲ್ಲ.

ಈಗ ಆ ಅಂಗಡಿಗಳಿಲ್ಲ. ಬಾಗಿಲುಗಳು ಮುಚ್ಚಿವೆ. 2012ರ ಆಗಸ್ಟ್ 25ರಂದು ಕಟ್ಟಡದ ಒಂದು ಭಾಗ ಕುಸಿದು ಬಿತ್ತು. ನಾಲ್ಕು ಜನ ಸತ್ತರು. ಅದೊಂದು ಶನಿವಾರ. ಬೇರೆ ಯಾವ ಶನಿವಾರದ ಹಾಗೆಯೇ ಮನೆಯಿಂದ ಹೊರಟು ಬಂದವರು ಅವರು.

ಇದನ್ನು ಮೊಮ್ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಬೀಳುತ್ತೆ ಅಂತ ಗೊತ್ತಿದ್ದ ಮೇಲೆ ಇದನ್ನ ಕೆಡವಿ ಹೊಸದು ಕಟ್ಟಬಾರದಾ, ಅಜ್ಜಿ? ಯಾಕೆ ಹಾಗೇ ಇಟ್ಟಿದಾರೆ?"

ನಾನು ಹಗುರವಾಗಿ, "ನನ್ನ ಮಂಡಿನೂ ಸವೆದಿದೆ. ನನ್ನನ್ನೂ ಕೆಡವಿಬಿಡ್ತೀಯಾ?" ಎಂದೆ.

ಅವನು ನಗಲಿಲ್ಲ. "ನೀನು ಬಿದ್ರೆ ಬೇರೆ ಯಾರೂ ಸಾಯಲ್ಲ ಅಜ್ಜಿ" ಎಂದ.

ಆ ಮಾತಿಗೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಮೈಸೂರಿನ ದೊಡ್ಡವರಲ್ಲೂ ಇದಕ್ಕೆ ಒಂದೇ ಉತ್ತರವಿಲ್ಲ. ನಾಲ್ಕು ವರ್ಷದ ನಂತರ, 2016ರ ಆಗಸ್ಟ್ 28ರ ಭಾನುವಾರ, ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು, ಧನ್ವಂತರಿ ರಸ್ತೆಯ ಕಡೆಯದು, ದುರಸ್ತಿ ನಡೆಯುತ್ತಿದ್ದ ಕಾಲದಲ್ಲೇ ಕುಸಿಯಿತು. ಅಂದು ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಅಲ್ಲಿಂದ ವಾದ ಇನ್ನೂ ಜೋರಾಯಿತು. ಕೆಲವರು ಹೇಳುತ್ತಾರೆ: ಜನರ ಜೀವಕ್ಕಿಂತ ಗೋಡೆ ದೊಡ್ಡದಲ್ಲ, ಕೆಡವಿ ಅದೇ ಮಾದರಿಯಲ್ಲಿ ಹೊಸದು ಕಟ್ಟಿ. ಇನ್ನು ಕೆಲವರು ಹೇಳುತ್ತಾರೆ: ಸರಿಯಾಗಿ ದುರಸ್ತಿ ಮಾಡಿದರೆ ಇವು ಇನ್ನೂ ಬಹುಕಾಲ ಬಾಳುತ್ತವೆ, ಒಮ್ಮೆ ಕೆಡವಿದರೆ ಹಳೆಯದು ಮತ್ತೆ ಹುಟ್ಟುವುದಿಲ್ಲ. ಈ ವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ನಡುವೆ ಅಂಗಡಿಯವರು. "ಯಾವುದಾದರೂ ಮಾಡಿ, ಆದರೆ ನಮ್ಮ ಜಾಗ ನಮಗೆ ಉಳಿಯುತ್ತದೆಯೇ?" ಎಂಬುದು ಅವರ ಚಿಂತೆ. ನನ್ನ ಹೂವಿನವಳ ಚಿಂತೆಯೂ ಅದೇ.

"ಬಾ, ಇದು ಯಾಕೆ ಬಿತ್ತು ಅನ್ನೋದನ್ನ ಮೊದಲು ನೋಡೋಣ" ಎಂದೆ. ಉತ್ತರ ಗೊತ್ತಿಲ್ಲದಾಗ ಮೇಷ್ಟ್ರುಗಳು ಮಾಡುವ ಉಪಾಯ ಅದು. ಪ್ರಶ್ನೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಒಯ್ಯುವುದು.

ಮಕ್ಕಳೇ, ಈ ಕಟ್ಟಡಗಳಲ್ಲಿ ಸಿಮೆಂಟ್ ಇಲ್ಲ. ಇಟ್ಟಿಗೆಯನ್ನು ಇಟ್ಟಿಗೆಗೆ ಅಂಟಿಸಿರುವುದು ಸುಣ್ಣದ ಗಾರೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಮರಳು ಮತ್ತು ಇಟ್ಟಿಗೆಯ ಪುಡಿ ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ನುಣ್ಣಗೆ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸುವ ರೂಢಿಯೂ ಇತ್ತು. ಈ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಕಲ್ಲಿನಿಂದ ಹೊರಟು ಕಲ್ಲಿಗೇ ಮರಳುವ ಪ್ರಯಾಣ. ಗೋಡೆಯೊಳಗೆ ಸೇರಿದ ತೇವವನ್ನು ಈ ಗಾರೆ ಹೊರಕ್ಕೆ ಬಿಡುತ್ತದೆ. ಅದಕ್ಕೇ ಹಳಬರು ಇಂಥ ಗೋಡೆ ಉಸಿರಾಡುತ್ತದೆ ಎನ್ನುವುದು. ಅದರ ಮೇಲೆ ನಾವು ಆತುರಕ್ಕೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ, ಗೋಡೆ ಒಳಗಿಂದ ಪುಡಿಯಾಗುತ್ತದೆ.

ಇನ್ನು ಮಾಳಿಗೆ. ಮೇಲೆ ಮರದ ತೊಲೆ, ಜಂತೆಗಳನ್ನು ಜೋಡಿಸಿ, ಅವುಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಗಾರೆ ಹಾಕಿ ಬಿಗಿದು, ಅದರ ಮೇಲೆ ಇಟ್ಟಿಗೆ ಜಲ್ಲಿಯ ಪದರ ಹಾಕಿ ಹಲಗೆಯಿಂದ ಬಡಿದು ಬಡಿದು ಗಟ್ಟಿ ಮಾಡುತ್ತಿದ್ದರು. ಇದಕ್ಕೆ ಮದ್ರಾಸ್ ತಾರಸಿ ಎಂದು ಹೆಸರು. ನಿಮ್ಮಜ್ಜನ ಊರಿನ ಹಳೆಯ ಮನೆಯಲ್ಲಿ ಮಲಗಿ ಮೇಲೆ ನೋಡಿದರೆ ಓರೆ ಇಟ್ಟಿಗೆಯ ಸಾಲುಗಳು ಕಾಣಿಸಿಯಾವು. ಬೇಸಿಗೆಯಲ್ಲಿ ಇಂಥ ಮಾಳಿಗೆಯ ಕೆಳಗೆ ಫ್ಯಾನೇ ಬೇಡ, ಅಷ್ಟು ತಂಪು. ಆದರೆ ಇದಕ್ಕೆ ಒಬ್ಬನೇ ಶತ್ರು, ನೀರು. ತಾರಸಿಯ ದೋಣಿಯಲ್ಲಿ ಎಲೆ ತುಂಬಿ ಮಳೆ ನೀರು ನಿಂತಿತೆನ್ನಿ. ಅದು ಬಿರುಕು ಹುಡುಕಿಕೊಂಡು ಇಳಿಯುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹುದುಗಿರುವ ಜಾಗಕ್ಕೆ ಹೋಗಿ ಸೇರುತ್ತದೆ. ಅಲ್ಲಿ ಮರ ಕೊಳೆಯುವುದು ಹೊರಗಿನವರ ಕಣ್ಣಿಗೆ ಕಾಣುವುದೇ ಇಲ್ಲ. ಒಂದು ದಿನ ಆ ತುದಿ ಕಳಚುತ್ತದೆ.

ಎರಡು ಕುಸಿತವೂ ಮಳೆಗಾಲದ ಆಗಸ್ಟ್ ತಿಂಗಳಲ್ಲೇ ಆದದ್ದನ್ನು ಗಮನಿಸಿ.

ಮೊಮ್ಮಗ ಕತ್ತೆತ್ತಿ ನೋಡುತ್ತಿದ್ದವನು, "ಅಜ್ಜಿ, ಅಲ್ಲಿ ಗಿಡ!" ಎಂದು ಬೆರಳು ತೋರಿಸಿದ. ಹಳೆಯ ಗೋಡೆಯೊಂದರ ಅಂಚಿನಲ್ಲಿ ಒಂದು ಅರಳಿ ಸಸಿ ಹಸಿರಾಗಿ ತಲೆದೂಗುತ್ತಿತ್ತು. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದ ಕಡೆ ಬೀಜ ಮೊಳೆಯುತ್ತದೆ. ಸುಣ್ಣದ ಗಾರೆಯ ತೇವ ಅದಕ್ಕೆ ಸಾಕು. ಮೊದಲ ವರ್ಷ ಎರಡು ಬೆರಳಿನಿಂದ ಕಿತ್ತುಬಿಡಬಹುದು. ಐದನೆಯ ವರ್ಷ ಅದರ ಬೇರು ಇಟ್ಟಿಗೆಗಳ ನಡುವೆ ಕೈ ಹಾಕಿರುತ್ತದೆ. ಇಪ್ಪತ್ತನೆಯ ವರ್ಷ ಗೋಡೆಯನ್ನೇ ಸೀಳಿರುತ್ತದೆ. "ಮತ್ತೆ ಯಾರೂ ಯಾಕೆ ಕೀಳಲ್ಲ?" ಎಂದ. ಒಬ್ಬರು ಅದು ನನ್ನ ಕೆಲಸವಲ್ಲ ಎನ್ನುತ್ತಾರೆ. ಇನ್ನೊಬ್ಬರು ಆದೇಶ ಬರಲಿ ಎನ್ನುತ್ತಾರೆ. ಮತ್ತೆ ನಮ್ಮಂಥವರು ಅರಳಿ ಗಿಡ, ಕಿತ್ತರೆ ಪಾಪ ಎನ್ನುತ್ತೇವೆ.

ಹತ್ತಿರದಲ್ಲೇ ಜಗನ್ಮೋಹನ ಅರಮನೆ. ಅದರ ಅಂಗಳದಲ್ಲಿ ಕೂತು ನಾನು ಮಂಡಿಗೆ ವಿಶ್ರಾಂತಿ ಕೊಟ್ಟೆ. "ಇದು ಯಾವ ವರ್ಷದ್ದು?" ಎಂದು ಅವನೇ ಕೇಳಿದ. 1861ರದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದು ಹಳೆಯ ಮರದ ಅರಮನೆ ಸುಟ್ಟುಹೋಯಿತು. ಈಗ ನಾವು ನೋಡುವ ದೊಡ್ಡ ಅರಮನೆ, ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದ್ದು, ಮುಗಿದದ್ದು 1912ರಲ್ಲಿ. ನಡುವಿನ ವರ್ಷಗಳಲ್ಲಿ ರಾಜಮನೆತನಕ್ಕೆ ನೆರಳಾದದ್ದು ಈ ಜಗನ್ಮೋಹನವೇ. 1902ರಲ್ಲಿ ನಾಲ್ವಡಿಯವರಿಗೆ ರಾಜ್ಯಾಧಿಕಾರ ಒಪ್ಪಿಸಿದ ಸಮಾರಂಭವೂ ಇಲ್ಲೇ ನಡೆಯಿತು. ಈಗ ಇದು ಚಿತ್ರಶಾಲೆ.

ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ಇದು ಲ್ಯಾನ್ಸ್‌ಡೌನ್‌ಗಿಂತ 31 ವರ್ಷ ದೊಡ್ಡದು. ಆದ್ರೂ ನಿಂತಿದೆ."

"ಅಲ್ಲಿಗೆ ಏನಾಯ್ತು?"

"ವಯಸ್ಸಾಗಿದ್ದಕ್ಕೆ ಬೀಳಲಿಲ್ಲ" ಎಂದ. ಆಮೇಲೆ ಒಂದು ಕ್ಷಣ ಬಿಟ್ಟು, "ಆದ್ರೂ ಅಜ್ಜಿ, ಅದನ್ನ ರಿಪೇರಿ ಮಾಡೋವರೆಗೂ ಯಾರನ್ನೂ ಒಳಗೆ ಬಿಡಬಾರದು" ಎಂದು ಸೇರಿಸಿದ.

ನನಗೂ ಅಷ್ಟೇ ಅನ್ನಿಸುವುದು. ಮೊದಲು ಜೀವ. ಅದರಲ್ಲಿ ಎರಡು ಮಾತಿಲ್ಲ. ಹಳೆಯ ಕಟ್ಟಡದ ಮೇಲಿನ ಪ್ರೀತಿಗೆ ಯಾರದೋ ಮನೆಯವರು ಬಲಿಯಾಗಬಾರದು. ಆದರೆ ಕಟ್ಟಡ ಬಿದ್ದದ್ದಕ್ಕೆ ಅದರ ವಯಸ್ಸನ್ನು ದೂರಿ ನಾವು ಕೈತೊಳೆದುಕೊಂಡರೆ, ಹೊಸದಾಗಿ ಕಟ್ಟಿದ್ದೂ ನಾಳೆ ಹಾಗೇ ಬೀಳುತ್ತದೆ. ಅದರ ತಾರಸಿಯ ಮೇಲೂ ಎಲೆ ಬೀಳುತ್ತದೆ, ನೀರು ನಿಲ್ಲುತ್ತದೆ, ಹಕ್ಕಿ ಬೀಜ ಉದುರಿಸುತ್ತದೆ. ನನ್ನ ವ್ಯಾಕರಣದ ಪುಸ್ತಕಕ್ಕೆ ನಾನು ಬಟ್ಟೆ ಅಂಟಿಸದೆ ಕೊಟ್ಟಿದ್ದರೆ ಐದನೆಯವರಿಗೆ ಬಿಡಿ ಹಾಳೆಗಳು ಮಾತ್ರ ಸಿಗುತ್ತಿದ್ದವು. ಪೇಟೆ ಚೌಕದ ಈ ಕಟ್ಟಡಗಳೂ ನಮಗೆ ಸೆಕೆಂಡ್ ಹ್ಯಾಂಡ್ ಆಗಿಯೇ ಬಂದವು. ನಮ್ಮ ನಂತರವೂ ಕೊಳ್ಳುವವರಿದ್ದಾರೆ.

ನೀವು ಮೈಸೂರಿಗೆ ಬಂದರೆ ಬೆಳಿಗ್ಗೆ ಬೇಗ ಈ ಕಡೆ ಬನ್ನಿ. ಬಿಸಿಲೇರುವ ಮೊದಲು ಹೂವು ತಾಜಾ, ಜನ ಕಡಿಮೆ. ದೊಡ್ಡ ಗಡಿಯಾರದಲ್ಲಿ ಗಂಟೆ ನೋಡಿಕೊಂಡು ಹೊರಡಿ, ಚಿಕ್ಕ ಗಡಿಯಾರಕ್ಕೆ ಬಂದಾಗ ಎಷ್ಟು ನಿಮಿಷ ಆಯಿತು ಲೆಕ್ಕ ಹಾಕಿ. ಕಟ್ಟಡಗಳನ್ನು ರಸ್ತೆಯ ಆಚೆ ಬದಿಯಿಂದ ನೋಡಿ, ಶಿಥಿಲವಾದದ್ದರ ಕೆಳಗೆ ನಿಲ್ಲಬೇಡಿ, ಮೇಲೆ ಹತ್ತಲೇಬೇಡಿ. ಜೊತೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ, ಅವರು ನಿಮ್ಮ ವಯಸ್ಸಿನಲ್ಲಿ ಅಲ್ಲಿ ಏನು ಕೊಂಡಿದ್ದರು, ಯಾರಿಗಾಗಿ ಕಾದಿದ್ದರು ಎಂದು ಕೇಳಿ. ಅದು ಯಾವ ಫಲಕದಲ್ಲೂ ಬರೆದಿರುವುದಿಲ್ಲ. ಅಜ್ಜ-ಅಜ್ಜಿಯರೇ, ಮಕ್ಕಳು ಅಡ್ಡಪ್ರಶ್ನೆ ಕೇಳಿದರೆ ನನ್ನ ಹಾಗೆ ತಮಾಷೆ ಮಾಡಿ ತಪ್ಪಿಸಿಕೊಳ್ಳಬೇಡಿ. ಸಿಕ್ಕಿಹಾಕಿಕೊಳ್ಳುತ್ತೀರಿ.

ಮಧ್ಯಾಹ್ನ ಮನೆಗೆ ಬಂದು ನಾನು ಹೂವನ್ನು ದೇವರಿಗೆ ಮುಡಿಸುತ್ತಿದ್ದೆ. ಮಹಡಿಯಿಂದ ಕೂಗು ಕೇಳಿಸಿತು. "ಅಜ್ಜೀ, ನಮ್ಮನೇಲೂ ಇದೆ!" ಹತ್ತಿ ನೋಡಿದರೆ ತಾರಸಿಯ ನೀರು ಹೋಗುವ ಕೊಳವೆಯ ಬಾಯಲ್ಲಿ ನಾಲ್ಕೆಲೆಯ ಅರಳಿ ಸಸಿ. ಊರಿನ ಕಟ್ಟಡಗಳ ಬಗ್ಗೆ ಬೆಳಗೆಲ್ಲ ಭಾಷಣ ಮಾಡಿದವಳಿಗೆ ತನ್ನ ಮನೆಯ ಗೋಡೆ ಕಂಡಿರಲಿಲ್ಲ. ಅವನು ಕೀಳಲು ಹೋದವನು ತಡೆದು, "ಪಾಪ ಬರುತ್ತಾ?" ಎಂದು ನನ್ನ ಮುಖ ನೋಡಿದ. ಬೇರು ಹರಿಯದಂತೆ ಮೆಲ್ಲಗೆ ಬಿಡಿಸಿ, ಒಡೆದ ಬಕೆಟ್ಟಿಗೆ ಮಣ್ಣು ತುಂಬಿ ಇಬ್ಬರೂ ಸೇರಿ ನೆಟ್ಟೆವು. ಗೋಡೆಯೂ ಉಳಿಯಿತು, ಗಿಡವೂ ಉಳಿಯಿತು. ಮುಂದಿನ ಮಳೆಗಾಲಕ್ಕೆ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಅದಕ್ಕೊಂದು ಜಾಗ ಕೇಳಬೇಕು.

ರಜೆ ಮುಗಿಸಿ ಅವನು ಬೆಂಗಳೂರಿಗೆ ಹೋದ. ಎರಡು ದಿನ ಬಿಟ್ಟು ಫೋನು ಬಂತು. "ಅಜ್ಜಿ, ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿ ಗೋಡೇಲಿ ಎರಡು ಗಿಡ ಇದೆ. ವಾಚ್‌ಮನ್ ಅಂಕಲ್‌ಗೆ ಹೇಳಿದೀನಿ. ನಾಳೆ ಕೀಳ್ತಾರಂತೆ. ಬಕೆಟ್ ರೆಡಿ ಇಟ್ಟಿದೀನಿ."